ಮೈಯಲ್ಲಿ ಉಳಿದ ಪಾಲು

ಸುನ್ನೆವಾಳಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಫೆರೋ ದ್ವೀಪಗಳ ನಮ್ಮ ಸ್ಕಾಲಾನೆಸ್ ಊರಿನಲ್ಲಿ ಎಪ್ಪತ್ನಾಲ್ಕು ವರ್ಷ ಬಾಳಿದ ಆಕೆ ಹೊಟ್ಟೆಕಿಚ್ಚು ಪಡದೆ ಬಿಟ್ಟವರು ಯಾರಾದರೂ ಇದ್ದರೆ ಪಾದ್ರಿಯ ಹೆಂಡತಿ ಒಬ್ಬಳೇ. ಅದೂ ಆ ಪುಣ್ಯಾತ್ಗಿತ್ತಿಗೆ ಆಲೂಗಡ್ಡೆ ಬೆಳೆಯಲು ಬರುವುದಿಲ್ಲ, ಹೆಣೆದ ಸ್ವೆಟರಿನ ಎರಡು ತೋಳೂ ಒಂದೇ ಉದ್ದ ಇರುವುದಿಲ್ಲ ಎಂಬ ಕಾರಣಕ್ಕೆ. ಪಕ್ಕದ ಮನೆಯ ಕುರಿ ಅವಳಿ ಮರಿ ಹಾಕಿದರೆ ಸುನ್ನೆವಾಗೆ ಅಂದು ಊಟ ಸೇರುತ್ತಿರಲಿಲ್ಲ. ಆದರೆ ಅದೆಲ್ಲ ನೆಗಡಿ ಇದ್ದ ಹಾಗೆ, ನಾಲ್ಕು ದಿನ ಇದ್ದು ಹೋಗುತ್ತಿತ್ತು. ತೋರಾಳ ಮೇಲಿನ ಹೊಟ್ಟೆಕಿಚ್ಚು ಮಾತ್ರ ಸಂಧಿವಾತ. ಮಳೆ ಬಂದರೂ ನೋವು, ಬಿಸಿಲು ಬಂದರೂ ನೋವು.

ತೋರಾಳ ಮನೆ ಮೂರು ಮನೆ ಮೇಲಕ್ಕೆ, ಚರ್ಚಿಗೆ ಹೋಗುವ ಏರಿನಲ್ಲಿ. ಒಂದೇ ವಯಸ್ಸಿನವರು. ಒಂದೇ ಬೆಂಚಿನಲ್ಲಿ ಕೂತು ಓದಿದವರು. ತೋರಾ ಮದುವೆಯಾಗಲಿಲ್ಲ, ಮೂವತ್ತು ವರ್ಷ ಉಪ್ಪು ಮೀನಿನ ಅಂಗಳದಲ್ಲಿ ಮೀನು ಒಣಗಿಸಿ, ಆಮೇಲೆ ಮನೆಯಲ್ಲಿ ಕೂತು ಹೆಣೆದು, ಕಡ್ಡಿಯ ಹಾಗೆ ಇದ್ದವಳು ಕಡ್ಡಿಯ ಹಾಗೇ ಉಳಿದಳು. ಸುನ್ನೆವಾ ಹಾನುಸನನ್ನು ಮದುವೆಯಾಗಿ ಐದು ಹೆತ್ತು ಗುಡಾಣದ ಹಾಗಾದಳು. ಇಷ್ಟರಲ್ಲಿ ಹೊಟ್ಟೆಕಿಚ್ಚಿಗೆ ಏನಿದೆ ಎನ್ನುತ್ತೀರಾ? ಇದೆ. ಹಾನುಸ್ ಮದುವೆಗೆ ಮುಂಚಿನ ಚಳಿಗಾಲದಲ್ಲಿ, ಕ್ರಿಸ್‌ಮಸ್ಸಿನಿಂದ ಹಿಡಿದು ಉಪವಾಸದ ದಿನಗಳವರೆಗೆ, ಊರ ಸರಪಳಿ ಕುಣಿತದಲ್ಲಿ ಒಂದೇ ಕೈ ಹಿಡಿದು ಕುಣಿದಿದ್ದ. ಆ ಕೈ ತೋರಾಳದು. ನಮ್ಮಲ್ಲಿ ಕುಣಿತದಲ್ಲಿ ಯಾರ ಪಕ್ಕ ಯಾರು ನಿಂತರು ಎಂಬುದನ್ನು ಊರು ಮರೆಯುವುದಿಲ್ಲ. ವಸಂತ ಬಂತು, ಹಾನುಸ್ ಬಂದು ಸುನ್ನೆವಾಳ ಅಪ್ಪನ ಮನೆ ಬಾಗಿಲು ತಟ್ಟಿದ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಸುನ್ನೆವಾ ಕೇಳಿ ಕೇಳಿ ಪೀಡಿಸಿದಾಗ, "ನಿನ್ ಬಾಯಿ ಜೋರಿತ್ತು ಕಣೇ, ದೋಣೀಲಿದ್ರೂ ಕೇಳಿಸ್ತಿತ್ತು," ಎಂದು ನಗುತ್ತಿದ್ದ. ಇದು ಉತ್ತರವೇ? ನಲವತ್ತಾರು ವರ್ಷ ಆಕೆ ಅದೇ ಉತ್ತರವನ್ನು ಮಗುಚಿ ಮಗುಚಿ ನೋಡಿದಳು. ಆರು ವರ್ಷದ ಹಿಂದೆ ಹಾನುಸ್ ಸತ್ತ.

ಹಾನುಸನ ಕಣ್ಣು ಭಾರಿ ಚೂಪು. ದೋಣಿಗಳಲ್ಲಿ ದಡಕ್ಕೆ ಅಟ್ಟಿ ಕೊಲ್ಲುವ ತಿಮಿಂಗಿಲದ ಹಿಂಡನ್ನು ಊರಿನಲ್ಲಿ ಮೊದಲು ಕಂಡವನಿಗೆ ಹೆಚ್ಚಿನ ಪಾಲು ಸಿಗುವುದು ನಮ್ಮ ಪದ್ಧತಿ. ಹಾನುಸ್ ತನ್ನ ಕಾಲದಲ್ಲಿ ಮೂರು ಸಲ ಕಂಡ. ಉಳಿದದ್ದೆಲ್ಲ ಊರಿನದು. ಮನೆಗೊಂದು ಚೀಟಿ, ಚೀಟಿಗೆ ತಕ್ಕ ಮಾಂಸ, ಕೊಬ್ಬು. ಯಾರೂ ಕಾಸು ಕೊಡುವಂತಿಲ್ಲ, ಯಾರೂ ಮಾರುವಂತಿಲ್ಲ. ಮಾಂಸ ಹಲಗೆ ಸಂದಿಯಿಂದ ಗಾಳಿ ನುಗ್ಗುವ ಗಾಳಿಮನೆಯಲ್ಲಿ ಒಣಗಿ ಕಪ್ಪಾಗುತ್ತದೆ, ಕೊಬ್ಬು ಉಪ್ಪಿನ ಪೀಪಾಯಿಯಲ್ಲಿ ಕೂರುತ್ತದೆ. ಆಮೇಲೆ ಆಯಾ ಮನೆಯವರು ಮುದುಕರಿಗೆ, ಒಬ್ಬಂಟಿಗಳಿಗೆ ಅಂತ ಒಂದೊಂದು ತುಂಡು ಹಂಚುತ್ತಾರೆ. ಹಾನುಸ್ ಬಕೆಟ್ ಹಿಡಿದು ಹಂಚಲು ಹೊರಡುತ್ತಿದ್ದ. ಆದರೆ ಚಾಕು ಸುನ್ನೆವಾಳ ಕೈಯಲ್ಲಿತ್ತು. ಯಾರಿಗೆ ಎಷ್ಟು ಎಂದು ಕತ್ತರಿಸುವವಳು ಅವಳೇ. ತೋರಾಗೆ ಎರಡು ಬೆರಳಗಲದ ಒಂದು ಪಟ್ಟಿ. "ಒಬ್ಳಿಗೆ ಎಷ್ಟು ಬೇಕು? ಕೊಳೆಸಿ ಬಿಸಾಕ್ತಾಳೆ," ಎನ್ನುತ್ತಿದ್ದಳು. ಹಾನುಸ್ ತುಟಿ ಪಿಟಕ್ಕೆನ್ನದೆ ಬಕೆಟ್ ಎತ್ತಿಕೊಂಡು ಹೋಗುತ್ತಿದ್ದ.

ಖಾಲಿ ಪಾತ್ರೆ ವಾಪಸು ಕಳಿಸುವುದು ನಮ್ಮಲ್ಲಿಲ್ಲ. ಪ್ರತಿ ಸಲ ಬಕೆಟ್ಟಿನ ತಳದಲ್ಲಿ ತೋರಾ ಮಾಡಿದ ರಬಾರ್ಬ್ ದಂಟಿನ ಜಾಮಿನ ಒಂದು ಶೀಸೆ ಬರುತ್ತಿತ್ತು. ಹಾನುಸ್ ಚಮಚ ಚಮಚ ತಿನ್ನುತ್ತಿದ್ದ. ಸುನ್ನೆವಾ ಒಂದು ದಿನವೂ ಬಾಯಿಗೆ ಹಾಕಲಿಲ್ಲ. "ನಂಗೆ ಹುಳಿ ಆಗಲ್ಲ," ಎಂದಳು, ತನ್ನ ಜಾಮನ್ನು ಮಾತ್ರ ಬೆರಳು ಚೀಪಿ ತಿಂದಳು.

ಈಗ ವಿಷಯಕ್ಕೆ ಬರೋಣ. ದೂರದೇಶದ ಕಾರ್ಖಾನೆಗಳ ಹೊಲಸು ಸಮುದ್ರಕ್ಕೆ ಸೇರಿ, ಸಮುದ್ರದಿಂದ ಬೊಂಡಾಸ ಮೀನಿಗೆ, ಬೊಂಡಾಸದಿಂದ ತಿಮಿಂಗಿಲಕ್ಕೆ, ತಿಮಿಂಗಿಲದ ಕೊಬ್ಬಿನಿಂದ ನಮ್ಮ ಕೊಬ್ಬಿಗೆ ಸೇರಿ ಕೂತಿದೆಯಂತೆ. ನಮ್ಮ ಫೆರೋ ದ್ವೀಪಗಳಲ್ಲಿ ಒಂದು ಚಿಮಣಿಯೂ ಹೊಗೆ ಕಾರುವುದಿಲ್ಲ, ಆದರೂ ವಿಷದಲ್ಲಿ ನಾವೇ ಮುಂದು! ದೊಡ್ಡ ಡಾಕ್ಟರುಗಳು ತಿನ್ನಬೇಡಿ ಎಂದರು. ಹುಡುಗಿಯರು ಬಿಟ್ಟರು. ಮುದುಕರು, ಇನ್ನು ಬಿಟ್ಟು ಯಾವ ಸುಖಕ್ಕೆ ಎಂದು ಇನ್ನೂ ಎರಡು ತುಂಡು ಹೆಚ್ಚು ಹಾಕಿಸಿಕೊಂಡರು. ಆಗ ಆಸ್ಪತ್ರೆಯವರು ಎಪ್ಪತ್ತು ದಾಟಿದವರನ್ನೆಲ್ಲ ಕರೆದು ಪರೀಕ್ಷೆ ಶುರು ಮಾಡಿದರು. ಮೈಯಲ್ಲಿ ಕೊಬ್ಬು ಎಷ್ಟು, ಆ ಕೊಬ್ಬಿನಲ್ಲಿ ವಿಷ ಎಷ್ಟು, ಎರಡಕ್ಕೂ ಏನು ನಂಟು ಅಂತ ನೋಡುವುದಕ್ಕೆ. ನರ್ಸ್ ರನ್ವಾ ಸುನ್ನೆವಾಳನ್ನು ಒಂದು ಯಂತ್ರದ ಹಲಗೆ ಮೇಲೆ ಮಲಗಿಸಿದಳು, ರಕ್ತ ತೆಗೆದಳು, ಆಮೇಲೆ ಕಾಗದ ಹಿಡಿದು ಕೂತಳು.

"ಸುನ್ನೆವಜ್ಜಿ, ತಿಂಗಳಿಗೆ ಎಷ್ಟು ಸಲ ತಿಮಿಂಗಿಲದ ಕೊಬ್ಬು ತಿಂತೀರಿ?"

"ತಿನ್ನದೆ ಇರೋ ದಿನ ಕೇಳಮ್ಮ, ಎಣಿಸೋಕೆ ಸುಲಭ. ನಮ್ಮನೆಯವ್ರು ಮೂರು ಸಲ ಹಿಂಡು ಕಂಡೋರು. ಬರ್ಕೋ."

ಎರಡು ತಿಂಗಳಿಗೆ ಎಲ್ಲರಿಗೂ ಕಾಗದ ಬಂತು. ಅದರಲ್ಲಿ ಎರಡು ಅಂಕಿ. ಒಂದು, ಮೈತೂಕದಲ್ಲಿ ಕೊಬ್ಬು ನೂರಕ್ಕೆ ಎಷ್ಟು. ಇನ್ನೊಂದು, ರಕ್ತದ ಕೊಬ್ಬಿನಲ್ಲಿ ಆ ವಿಷ ಎಷ್ಟು. ಬೇರೆ ಊರಾಗಿದ್ದರೆ ಜನ ಆ ಕಾಗದವನ್ನು ಮಡಿಸಿ ದಿಂಬಿನಡಿ ಇಟ್ಟು ದೇವರನ್ನು ನೆನೆಯುತ್ತಿದ್ದರು. ನಮ್ಮೂರಿನವರು ಬುಧವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಹಿರಿಯರ ಹಗಲುಮನೆಗೆ ಬಂದರು. ಯಾಕೆ ಗೊತ್ತೇ? ವಿಷ ಹೆಚ್ಚಿದ್ದವನು ತಿಮಿಂಗಿಲ ಹೆಚ್ಚು ತಿಂದವನು. ಹೆಚ್ಚು ತಿಂದವನು ಒಳ್ಳೆ ದೋಣಿಯವನು, ಒಳ್ಳೆ ಮನೆಯವನು. ಈ ಲೆಕ್ಕಾಚಾರ ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ, ನಮ್ಮ ಮುದುಕರು ತಾವಾಗಿಯೇ ಮಾಡಿಕೊಂಡದ್ದು.

ಕಾಫಿ ಮೇಜಿನ ತುದಿಯಲ್ಲಿ ತುಮ್ಮಾಸ್ ಕೂತಿದ್ದ. ಹಳೆಯ ದೋಣಿಗಾರ, ಹಲ್ಲಿಲ್ಲದಿದ್ದರೂ ನಾಲಿಗೆ ಬಲು ಉದ್ದ. ಎಲ್ಲರ ಕಾಗದವನ್ನೂ ಕನ್ನಡಕ ಏರಿಸಿ ತಾನೇ ಓದಿದ.

"ನಂದು ಹನ್ನೊಂದು. ನೋಡ್ರಪ್ಪಾ, ಹನ್ನೊಂದು! ಸುನ್ನೆವಾ, ಕೊಡು ನಿಂದು. ಕೊಬ್ಬು ನೂರಕ್ಕೆ ನಲವತ್ತಾರು. ಭೇಷ್! ವಿಷ..." ಅವನು ಕಾಗದವನ್ನು ಬೆಳಕಿಗೆ ಹಿಡಿದ. "ನಾಲ್ಕು."

"ಸರಿಯಾಗಿ ನೋಡೋ, ನಲವತ್ತಿರ್ಬೇಕು," ಎಂದಳು ಸುನ್ನೆವಾ.

"ನಾಲ್ಕೇ ಕಣಮ್ಮ. ಏನ್ ತಿಂದೆ ನೀನು? ಹಾನುಸ್ ತಂದಿದ್ದೆಲ್ಲ ಬೆಕ್ಕಿಗೆ ಹಾಕ್ದ್ಯಾ?"

ಮೇಜಿಗೆ ಮೇಜೇ ನಕ್ಕಿತು. ಸುನ್ನೆವಾಳ ಕಿವಿ ಕೆಂಪಾಯಿತು. ಅಷ್ಟಕ್ಕೇ ನಿಂತಿದ್ದರೆ ಮನೆಗೆ ಹೋಗಿ ನಾಲ್ಕು ಬೈದು ಮಲಗುತ್ತಿದ್ದಳು. ಆದರೆ ತುಮ್ಮಾಸ್ ಪಕ್ಕಕ್ಕೆ ಕೈ ಚಾಚಿ ತೋರಾಳ ಕಾಗದ ತೆಗೆದುಕೊಂಡ.

"ಕೊಬ್ಬು ಇಪ್ಪತ್ತೆರಡು. ಗಾಳಿ ಬಂದ್ರೆ ಹಾರೋಗ್ತೀಯ ತೋರಾ, ಹುಷಾರು. ವಿಷ..." ಅವನ ಕನ್ನಡಕ ಮೂಗಿನ ತುದಿಗೆ ಜಾರಿತು. "ಹತ್ತೊಂಬತ್ತು! ಅಮ್ಮಮ್ಮಾ! ಹೆಂಗಸರಲ್ಲಿ ಮೊದಲನೇ ನಂಬರ್ರು! ಎಲ್ಲಿಂದ ಬಂತೇ ಇಷ್ಟು ತಿಮಿಂಗಿಲ? ದೋಣಿ ಇಲ್ಲ, ಗಂಡ ಇಲ್ಲ, ಒಂದೇ ಒಂದು ಚೀಟಿ ನಿಂದು."

ಎಲ್ಲರೂ ತೋರಾಳನ್ನು ನೋಡಿದರು. ಆಕೆ ಹೆಣಿಗೆಯ ಕಡ್ಡಿ ಕೆಳಗಿಡಲಿಲ್ಲ. ಆದರೆ ಕತ್ತಿನಿಂದ ಕೆನ್ನೆಯವರೆಗೆ ಹದಿನೆಂಟರ ಹುಡುಗಿಯ ಹಾಗೆ ಕೆಂಪೇರಿದಳು.

"ಕೊಟ್ಟೋರು ಕೊಟ್ರು, ತಿಂದೆ," ಎಂದಳು.

ಆ ಮಾತು ಸುನ್ನೆವಾಳ ಎದೆಗೆ ಮೀನಿನ ಗಾಳದ ಹಾಗೆ ಸಿಕ್ಕಿಕೊಂಡಿತು. ಕೊಟ್ಟೋರು. ಯಾರು ಕೊಟ್ಟೋರು? ಊರಿನಲ್ಲಿ ಬಕೆಟ್ ಹಿಡಿದು ಆ ಏರು ಹತ್ತಿದವನು ಒಬ್ಬನೇ. ಮೇಜಿನ ಸುತ್ತ ಕೂತವರೆಲ್ಲರ ಮನಸ್ಸಿನಲ್ಲೂ ಆ ಚಳಿಗಾಲದ ಕುಣಿತ ಹಾದು ಹೋದದ್ದನ್ನು ಆಕೆ ಅವರವರ ಮುಖದಲ್ಲೇ ಓದಿದಳು. ಅರ್ಧ ಕಪ್ ಕಾಫಿ ಅಲ್ಲೇ ಬಿಟ್ಟು ಎದ್ದಳು.

ಮನೆಗೆ ಬಂದು ಕೋಟು ಕೂಡ ಬಿಚ್ಚಲಿಲ್ಲ. ಅಡುಗೆಮನೆ ಕುರ್ಚಿಯಲ್ಲಿ ಕೂತು ನಲವತ್ತಾರು ವರ್ಷವನ್ನು ಒಂದೊಂದೇ ಹೊರಗೆಳೆದಳು. ಹಂಚಲು ಹೋದವನು ಒಂದು ಗಂಟೆ ತಡವಾಗಿ ಬಂದ ದಿನಗಳು. "ಎಲ್ಲಿ ಹೋಗಿದ್ರಿ?" ಎಂದರೆ "ಮಾತಾಡ್ತಾ ನಿಂತೆ" ಎಂದ ದಿನಗಳು. ತಾನು ಹೆರಿಗೆಯಾಗಿ ಮಲಗಿದ್ದಾಗ ಪೀಪಾಯಿಗೆ ಕೈ ಹಾಕಿದವರು ಯಾರು? ಚಾಕು ಆಗ ಯಾರ ಕೈಯಲ್ಲಿತ್ತು? ಐದು ಹೆರಿಗೆ! ತಾನು ಎರಡು ಬೆರಳಗಲ ಕತ್ತರಿಸಿ ಕೊಟ್ಟೆ ಎಂದುಕೊಂಡಿದ್ದರೆ, ಈ ಮನುಷ್ಯ ಗಾಳಿಮನೆಯ ಹಿಂದೆ ನಿಂತು ಇನ್ನೊಂದು ಅಂಗೈಯಗಲ ಸೇರಿಸಿಕೊಂಡು ಹೋಗಿದ್ದಾನೆ. ಇಲ್ಲದಿದ್ದರೆ ತನಗೆ ನಾಲ್ಕು, ಆ ಕಡ್ಡಿಗೆ ಹತ್ತೊಂಬತ್ತು ಹೇಗೆ ಬರುತ್ತದೆ? ಬಾಯಿ ಸುಳ್ಳು ಹೇಳಬಹುದು, ಜನ ಸುಳ್ಳು ಹೇಳಬಹುದು, ರಕ್ತ ಹೇಳುತ್ತದೆಯೇ?

ಸಂಜೆ ಮಗಳು ಮಾರ್ನಾ ಬಂದಳು. ಸುನ್ನೆವಾಳ ಚೊಚ್ಚಲ ಮಗಳು, ಐವತ್ತೊಂದರ ಹೆಂಗಸು, ಊರಿನ ಶಾಲೆಯಲ್ಲಿ ಪಾಠ ಹೇಳುವವಳು. ಬಂದವಳಿಗೆ ತಾಯಿ ಕೂರು ಎನ್ನಲಿಲ್ಲ.

"ನಾನು ಸತ್ರೆ ನಿಮ್ಮಪ್ಪನ ಪಕ್ಕ ಹಾಕ್ಬೇಡಿ."

"ಏನಾಯ್ತಮ್ಮ?"

"ಹಾಕ್ಬೇಡಿ ಅಂದೆ. ಬೇರೆ ಜಾಗ ನೋಡಿ. ಗೋಡೆ ಪಕ್ಕ ಹಾಕಿ, ಕುರಿ ಮೇಯೋ ಕಡೆ ಹಾಕಿ, ಸಮುದ್ರಕ್ಕೆ ಬೇಕಾದ್ರೂ ಎಸೀರಿ."

"ಅಪ್ಪನ ಸಮಾಧಿ ಕಲ್ಲಿನ ಮೇಲೆ ನಿನ್ ಹೆಸರು ಕೆತ್ತಿ ಆರು ವರ್ಷ ಆಯ್ತಲ್ಲಮ್ಮ. ವರ್ಷ ಒಂದು ಹಾಕೋದು ಬಾಕಿ."

"ಉಜ್ಜಿ ತೆಗ್ಸು. ಅಲ್ಲಿ ತೋರಾ ಅಂತ ಬರ್ಸು."

ಮಾರ್ನಾ ಕಾಗದ ಓದಿದಳು, ತಾಯಿಯ ಕಥೆಯನ್ನೂ ಕೇಳಿದಳು. ನಗು ತಡೆಯಲು ನೋಡಿದಳು, ಆಗಲಿಲ್ಲ. "ಅಮ್ಮಾ, ಒಂದು ನಂಬರ್ ನೋಡಿ ಡೈವೋರ್ಸಾ? ಅದೂ ಸತ್ತೋದವ್ರಿಗೆ?"

"ನಗ್ತೀಯಾ? ನಗು. ನಲವತ್ತಾರು ವರ್ಷ ಅವ್ರ ಪಕ್ಕ ಮಲಗಿದೀನಿ, ಸಾಕು. ಮಣ್ಣಲ್ಲೂ ಮೋಸ ಹೋಗಿ ಮಲಗಲ್ಲ ನಾನು." ಇಷ್ಟು ಹೇಳಿ ಸುನ್ನೆವಾ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡಳು. ಮಾರ್ನಾ ನಗುವುದನ್ನು ನಿಲ್ಲಿಸಿ ನೀರಿಟ್ಟಳು. ತಾಯಿ ಅದನ್ನೂ ಮುಟ್ಟಲಿಲ್ಲ.

ಮಾರನೆಯ ಬೆಳಗ್ಗೆ ಆಕೆ ಏರು ಹತ್ತಿದಳು. ಮಂಡಿ ಬೇಡ ಎಂದಿತು, ಹೊಟ್ಟೆ ಉರಿ ನಡೆ ಎಂದಿತು. ತೋರಾಳ ಬಾಗಿಲು ತಟ್ಟಲಿಲ್ಲ, ತಳ್ಳಿಕೊಂಡೇ ಒಳಗೆ ಹೋದಳು. ಹೋದವಳು ಹೊಸಿಲಲ್ಲೇ ನಿಂತಳು. ಕಿಟಕಿಯ ಕೆಳಗೆ ನೀಲಿ ಎನಾಮಲ್ ಬಳಿದ ತಗಡಿನ ಬಕೆಟ್ ಇತ್ತು. ಹೊರಮೈಯಲ್ಲಿ ಬಿಳಿ ಬಣ್ಣದಲ್ಲಿ ಕುರಿಯ ಕಿವಿ, ಕಿವಿಯ ತುದಿಯಲ್ಲಿ ಎರಡು ಕಚ್ಚು. ಕುರಿಗಳ ಕಿವಿಗೆ ಕಚ್ಚು ಹಾಕುವ ಆ ಗುರುತು ಹಾನುಸನ ಮನೆತನದ್ದು, ಊರಲ್ಲಿ ಇನ್ಯಾರಿಗೂ ಇಲ್ಲ. ಬಕೆಟ್ಟಿನಲ್ಲಿ ತೋರಾ ಉಣ್ಣೆಯ ಉಂಡೆಗಳನ್ನು ಇಟ್ಟಿದ್ದಳು.

"ಇದ್ಯಾರ್ದೇ?"

"ಗುರುತು ಕಾಣ್ತಿಲ್ವಾ? ನಿಮ್ಮನೇದು. ಕೊನೇ ಸಲ ಬಂದಾಗ ಬಿಟ್ಟು ಹೋದ. ಆಮೇಲೆ ಮಲಗ್ದ, ಏಳ್ಲಿಲ್ಲ."

"ಆರು ವರ್ಷ! ವಾಪಸ್ ಕೊಡ್ಬೇಕು ಅನ್ನಿಸ್ಲಿಲ್ವಾ ನಿಂಗೆ? ಇನ್ನೂ ಏನೇನು ಇಟ್ಕೊಂಡಿದೀಯ ನಮ್ಮನೇದು? ಹೇಳ್ಬಿಡು ಇವತ್ತು. ಹತ್ತೊಂಬತ್ತಂತೆ! ಕೊಟ್ಟೋರು ಕೊಟ್ರಂತೆ! ಊರ ಮುಂದೆ ನಾಚ್ಕೊಳೋದು ಬೇರೆ, ಈ ವಯಸ್ಸಲ್ಲಿ!"

ತೋರಾ ಎದ್ದು ನಿಂತಳು. ಆಕೆ ಜೋರಾಗಿ ಮಾತನಾಡಿದ್ದನ್ನು ಊರಿನಲ್ಲಿ ಕೇಳಿದವರಿಲ್ಲ. ಅವತ್ತೂ ಜೋರು ಮಾಡಲಿಲ್ಲ.

"ನೋಡು ಸುನ್ನೆವಾ. ಗಂಡ ನಿಂಗೆ ಬಂದ. ಐದು ಮಕ್ಳು ನಿಂಗೆ ಬಂದ್ವು. ಮೊಮ್ಮಕ್ಳು ಎಷ್ಟು ಅಂತ ನೀನೇ ಎಣ್ಸಿ ಹೇಳ್ಬೇಕು. ಎಪ್ಪತ್ನಾಲ್ಕು ವರ್ಷಕ್ಕೆ ನಂಗೆ ಒಂದು ನಂಬರ್ ಬಂತು. ಅದನ್ನೂ ಕಿತ್ಕೊಳ್ಳೋಕೆ ಬಂದ್ಯಾ?"

ಸುನ್ನೆವಾ ಉಣ್ಣೆಯ ಉಂಡೆಗಳನ್ನು ನೆಲಕ್ಕೆ ಸುರಿದು, ಬಕೆಟ್ಟನ್ನು ಎತ್ತಿಕೊಂಡು ಇಳಿದು ಬಂದಳು. ಒಂದು ಬೂದು ಉಂಡೆ ಹೊಸಿಲು ದಾಟಿ ಅವಳ ಹಿಂದೆಯೇ ಸ್ವಲ್ಪ ದೂರ ಉರುಳಿತು.

ಅವಳು "ಇಲ್ಲ" ಎನ್ನಲಿಲ್ಲವಲ್ಲ! ದಾರಿಯುದ್ದಕ್ಕೂ ಇದೇ. ಹಾನುಸ್ ಕೊಡಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಅವಳಿಗೆ? ಹೇಳಲಿಲ್ಲ. ಅಂದರೆ ಹೌದು. ಸುನ್ನೆವಾ ಎರಡು ದಿನ ಮೈ ಪರಚಿಕೊಂಡಳು. ಮೂರನೆಯ ದಿನ ಅವಳಿಗೊಂದು ಯೋಚನೆ ಹೊಳೆಯಿತು. ಈ ಆಸ್ಪತ್ರೆಯವರು ಕಾಗದ ಅದಲು ಬದಲು ಮಾಡಿರಬೇಕು. ಹತ್ತೊಂಬತ್ತು ತನ್ನದು, ನಾಲ್ಕು ಅವಳದು. ಸೋಮವಾರ ಸುರಂಗ ದಾಟುವ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ ರನ್ವಾಳ ಮುಂದೆ ಕಾಗದ ಬಡಿದಳು.

"ತಪ್ಪಾಗಿದೆ ಇದು. ಇನ್ನೊಂದ್ಸಲ ತೆಗಿ ರಕ್ತ. ಬೇಕಾದ್ರೆ ಎರಡು ಕೈಯಿಂದ್ಲೂ ತೆಗಿ."

ರನ್ವಾ ತಾಳ್ಮೆಯ ಹುಡುಗಿ. ಕಾಗದ ನೋಡಿದಳು, ಕಂಪ್ಯೂಟರ್ ನೋಡಿದಳು. "ತಪ್ಪಿಲ್ಲ ಅಜ್ಜಿ. ಕಮ್ಮಿ ಬಂದ್ರೆ ಖುಷಿ ಪಡ್ಬೇಕು ನೀವು."

"ನಾನು ತಿಂದಷ್ಟು ಈ ಊರಲ್ಲಿ ಯಾರೂ ತಿಂದಿಲ್ಲ. ಎಲ್ಲಿ ಹೋಯ್ತು ಅದು?"

"ನಿಮ್ಗೆ ಮಕ್ಕಳೆಷ್ಟು?"

"ಐದು. ಅದ್ಯಾಕೆ?"

"ಹಾಲು ಕುಡ್ಸಿದ್ರಾ?"

"ಏನ್ ಕೇಳ್ತೀಯ ಹುಡುಗಿ? ಒಂದೊಂದಕ್ಕೂ ವರ್ಷ ದಾಟಿ ಕುಡ್ಸಿದೀನಿ. ನಾಲ್ಕನೇದು ಓಡಾಡ್ಕೊಂಡು ಬಂದು ಕುಡೀತಿತ್ತು."

ರನ್ವಾ ಕುರ್ಚಿ ಹತ್ತಿರ ಎಳೆದುಕೊಂಡಳು. "ಈ ವಿಷ ಕೊಬ್ಬಲ್ಲಿ ಕೂತ್ರೆ ಏಳಲ್ಲ ಅಜ್ಜಿ. ವರ್ಷಗಟ್ಟಲೆ ಅಲ್ಲೇ ಇರತ್ತೆ. ಮೈ ದಪ್ಪ ಇದ್ರೆ ಅಷ್ಟರಲ್ಲೇ ಹರಡ್ಕೊಂಡು ರಕ್ತದಲ್ಲಿ ಸ್ವಲ್ಪ ಕಮ್ಮಿ ಕಾಣತ್ತೆ. ಆದ್ರೆ ಹೊರಗೆ ಹೋಗೋಕೆ ಹೆಂಗಸ್ರಿಗೆ ಒಂದೇ ಒಂದು ದೊಡ್ಡ ಬಾಗ್ಲು. ಹಾಲು. ಎದೆಹಾಲಲ್ಲಿ ಕೊಬ್ಬಿದೆಯಲ್ಲ, ಅದರ ಜೊತೆ ಹೋಗತ್ತೆ. ಐದು ಮಕ್ಕಳಿಗೆ ಕುಡ್ಸಿದ ಮೇಲೆ ನಿಮ್ಮಲ್ಲಿ ಎಷ್ಟು ಉಳೀಬೇಕು?"

"ಮತ್ತೆ ಮಕ್ಕಳಾಗ್ದೇ ಇದ್ದೋರಿಗೆ?"

"ಬಾಗ್ಲೇ ತೆಗೀಲಿಲ್ಲ ಅಂದ್ಮೇಲೆ ಎಲ್ಲಾ ಒಳಗೇ ಇರತ್ತೆ. ಕಮ್ಮಿ ತಿಂದ್ರೂ ಹೆಚ್ಚೇ ಬರ್ಬೋದು. ಯಾರು ಎಷ್ಟು ತಿಂದ್ರು ಅಂತ ಈ ಅಂಕಿ ನೋಡಿ ಹೇಳೋಕಾಗಲ್ಲ."

ಸುನ್ನೆವಾಳಿಗೆ ಎದ್ದು ಕುಣಿಯಬೇಕು ಎನ್ನಿಸಿತು. ಹಾನುಸ್ ಕೊಟ್ಟಿಲ್ಲ! ಕೊಟ್ಟಿರಲೇಬೇಕು ಎಂದೇನೂ ಇಲ್ಲ! ಆ ಹತ್ತೊಂಬತ್ತು ಯಾರ ಪ್ರೀತಿಯೂ ಅಲ್ಲ, ಹೆರದೆ ಉಳಿದವಳ ಮೈಯಲ್ಲಿ ಕೂತ ಕಸ. ಬುಧವಾರ ಬರಲಿ, ಮೇಜಿನ ಮುಂದೆ ಹೇಳುತ್ತೇನೆ, ತುಮ್ಮಾಸನ ಕೈಯಲ್ಲೇ ಇನ್ನೊಮ್ಮೆ ಓದಿಸುತ್ತೇನೆ ಎಂದುಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿದಳು.

"ಐದರಲ್ಲಿ ಯಾರಿಗೆ ಹೆಚ್ಚು ಹೋಗಿರತ್ತೆ?"

ರನ್ವಾ ಕಾಗದ ಮಡಿಸುತ್ತ ಹೇಳಿದಳು. "ಸಾಮಾನ್ಯವಾಗಿ ಮೊದಲನೇದಕ್ಕೆ ಅಜ್ಜಿ. ಆದ್ರೆ ನಿಮ್ಗೆ ಆಗ ಗೊತ್ತಿರ್ಲಿಲ್ಲ. ಯಾರಿಗೂ ಗೊತ್ತಿರ್ಲಿಲ್ಲ."

ಬಸ್ಸಿನಲ್ಲಿ ಸುನ್ನೆವಾ ಕಿಟಕಿ ಕಡೆ ನೋಡಲಿಲ್ಲ. ಊರಿಗೆ ಬಂದವಳು ನೇರ ಮಾರ್ನಾಳ ಮನೆಗೆ ಹೋದಳು. ಮಾರ್ನಾ ಆಲೂಗಡ್ಡೆ ಸುಲಿಯುತ್ತಿದ್ದಳು. ತಾಯಿ ಹೇಳಿದ್ದನ್ನೆಲ್ಲ ಸುಲಿಯುತ್ತಲೇ ಕೇಳಿದಳು.

"ನಿಂಗೆ ನಾನು ಹದಿನಾಲ್ಕು ತಿಂಗ್ಳು ಕುಡ್ಸಿದೆ," ಎಂದಳು ಸುನ್ನೆವಾ. "ಆಗೆಲ್ಲ ಒಳ್ಳೇ ತುಂಡು ನಂಗೇ ಹಾಕ್ತಿದ್ರು ನಿಮ್ಮಪ್ಪ. ಬಾಣಂತಿ ತಿನ್ಲಿ, ಮಗೂಗೆ ಹಾಲಾಗ್ಲಿ ಅಂತ."

"ಅದಕ್ಕೇ ನಾನು ನಿನ್ನಷ್ಟೇ ಹಠಮಾರಿ," ಎಂದಳು ಮಾರ್ನಾ. ಆಮೇಲೆ ಚಾಕು ಕೆಳಗಿಟ್ಟು, "ನಾನೂ ಎರಡಕ್ಕೆ ಕುಡ್ಸಿದೀನಲ್ಲಮ್ಮ. ನಾನೂ ದಾಟ್ಸಿದೀನಿ. ಏನ್ ಮಾಡೋದೀಗ?" ಎಂದಳು. ಸುನ್ನೆವಾ ಆ ಚಾಕು ತೆಗೆದುಕೊಂಡು ಉಳಿದ ಆಲೂಗಡ್ಡೆ ಸುಲಿಯತೊಡಗಿದಳು. ಒಲೆಯ ಮೇಲೆ ನೀರು ಕುದಿದು ಉಕ್ಕಿದಾಗ ಮಾರ್ನಾ ಎದ್ದಳು.

ಇಷ್ಟಾದರೂ ಸುನ್ನೆವಾ ಸುನ್ನೆವಾಳೇ. ಬುಧವಾರದ ಹೊತ್ತಿಗೆ ದುಃಖದ ಮೇಲೆ ಹೊಟ್ಟೆಕಿಚ್ಚು ಮತ್ತೆ ಕೆನೆಗಟ್ಟಿತ್ತು. ತಾನು ಮಕ್ಕಳಿಗೆ ವಿಷ ಊಡಿಸಿ ನಾಲ್ಕು ಎನ್ನಿಸಿಕೊಂಡಳು, ಅವಳು ಯಾರಿಗೂ ಏನೂ ಮಾಡದೆ ಹತ್ತೊಂಬತ್ತು ಎನ್ನಿಸಿಕೊಂಡು ಮೆರೆಯುತ್ತಿದ್ದಾಳೆ! ಹಗಲುಮನೆಗೆ ಹೋದಾಗ ತೋರಾ ಮೇಜಿನ ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಈ ಹಿಂದೆ ಆಕೆ ಕೂರುತ್ತಿದ್ದುದು ಬಾಗಿಲ ಹತ್ತಿರ. ಯಾರೋ ಅವಳಿಗೆ ಮೊದಲು ಕಾಫಿ ಬಗ್ಗಿಸಿದರು. ತುಮ್ಮಾಸ್ ಕಣ್ಣು ಮಿಟುಕಿಸಿ, "ಹತ್ತೊಂಬತ್ತನೇ ನಂಬರಿನ ಮಹಾರಾಣಿ, ಇವತ್ತಾದ್ರೂ ಹೇಳ್ಬಿಡು. ಕೊಟ್ಟೋರ್ಯಾರು?" ಎಂದ.

"ನಾನು ಹೇಳ್ತೀನಿ," ಎಂದಳು ಸುನ್ನೆವಾ, ನಿಂತುಕೊಂಡೇ. "ನಾನು ರನ್ವಾ ಹತ್ರ ಹೋಗಿದ್ದೆ. ಈ ನಂಬರ್ ಹೆಚ್ಚು ಬರೋದು ಯಾರಿಗೆ ಗೊತ್ತಾ?"

ಮೇಜು ಕಿವಿ ನಿಮಿರಿಸಿತು. ತೋರಾಳ ಹೆಣಿಗೆ ನಿಂತಿತು. ಆಕೆ ತಲೆ ಎತ್ತಿ ಸುನ್ನೆವಾಳನ್ನು ನೋಡಿದಳು. ಕೈ ಮಾತ್ರ ಅರ್ಧ ಹೆಣೆದ ಪುಟ್ಟ ಸಾಕ್ಸನ್ನು ಮಡಿಲಿನಲ್ಲಿ ಮುಚ್ಚಿಕೊಂಡಿತು. ಅದು ಮಾರ್ನಾಳ ಮೊಮ್ಮಗುವಿಗೆ ಅಂತ ಹೆಣೆಯುತ್ತಿದ್ದ ಸಾಕ್ಸು. ಊರಿನಲ್ಲಿ ಹುಟ್ಟುವ ಪ್ರತಿ ಮಗುವಿಗೂ ತೋರಾ ಒಂದು ಜೊತೆ ಹೆಣೆಯುತ್ತಾಳೆ. ಸುನ್ನೆವಾಳ ಐದೂ ಮಕ್ಕಳು ತೊಟ್ಟದ್ದು ಅವನ್ನೇ.

ಮಾತು ಸುನ್ನೆವಾಳ ನಾಲಿಗೆ ತುದಿಯಲ್ಲಿತ್ತು. ಅಷ್ಟು ರುಚಿಯಾದ ಮಾತು ಅವಳ ಬಾಯಿಗೆ ಎಂದೂ ಬಂದಿರಲಿಲ್ಲ.

"ಬಾಯಿ ಚಪಲ ಇರೋರಿಗಂತೆ," ಎಂದಳು. "ತುಮ್ಮಾಸಂಗೆ ಹನ್ನೊಂದೇ ಬಂದಿದ್ದು ಆಶ್ಚರ್ಯ."

ಎಲ್ಲರೂ ಹೋ ಎಂದು ನಕ್ಕರು. ಸುನ್ನೆವಾ ಕುರ್ಚಿ ಎಳೆದು ಕೂತು ಕಾಫಿಗೆ ಮೂರು ತುಂಡು ಸಕ್ಕರೆ ಹಾಕಿಕೊಂಡಳು.

ಮನೆಗೆ ಹೋಗುವಾಗ ಇಬ್ಬರದೂ ಒಂದೇ ದಾರಿ. ಸುನ್ನೆವಾ ಬೇಕೆಂದೇ ಬೇಗ ಬೇಗ ನಡೆದಳು, ಕಡ್ಡಿಯಂಥ ತೋರಾಗೆ ಅವಳನ್ನು ಹಿಡಿಯುವುದು ಕಷ್ಟವಾಗಲಿಲ್ಲ.

"ನುಂಗ್ಬಿಟ್ಟೆ ಅಲ್ವಾ?" ಎಂದಳು ತೋರಾ.

"ಏನನ್ನ?"

"ರನ್ವಾ ನಂಗೆ ಕಾಗದ ಬಂದ ದಿನಾನೇ ಫೋನ್ ಮಾಡಿ ಹೇಳಿದ್ಲು ಕಣೇ. ಮಕ್ಕಳಾಗಿಲ್ಲ, ಅದಕ್ಕೇ ಹೆಚ್ಚಿದೆ, ಗಾಬರಿ ಆಗ್ಬೇಡಿ ಅಂತ."

ಸುನ್ನೆವಾ ನಿಂತೇ ಬಿಟ್ಟಳು. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ? ನಾನು ನಿನ್ ಮನೆಗೆ ಬಂದು ಹಾರಾಡ್ದಾಗ್ಲೂ? ಯಾಕೆ?"

"ಊರೋರು ಅಂದ್ಕೊಳ್ಲಿ ಅಂತ." ತೋರಾ ಸಮುದ್ರದ ಕಡೆ ನೋಡಿದಳು. "ನೀನೂ ಅಂದ್ಕೋ ಅಂತ. ಒಂದು ವಾರ ಆದ್ರೂ ನೀನು ನನ್ನ ನೋಡಿ ಹೊಟ್ಟೆ ಉರ್ಕೋ ಅಂತ. ನಾನು ಎಷ್ಟು ವರ್ಷದಿಂದ ಉರ್ಕೊಂಡಿದೀನಿ ಗೊತ್ತಾ ನಿಂಗೆ?"

ಹೊಟ್ಟೆಕಿಚ್ಚು ಎಂದರೆ ಅದು ತನ್ನೊಬ್ಬಳದೇ ಆಸ್ತಿ ಎಂದುಕೊಂಡಿದ್ದ ಸುನ್ನೆವಾಳಿಗೆ ಇದು ಹೊಸ ಸುದ್ದಿ. ಆದರೂ ಕೇಳದೆ ಇರಲು ಆಗಲಿಲ್ಲ. ಮೇಲೆ ಚರ್ಚಿನ ಹತ್ತಿರ ಹಾನುಸನ ಕಲ್ಲು ಅಲ್ಲಿಂದಲೇ ಕಾಣುತ್ತಿತ್ತು.

"ನಿಜ ಹೇಳು ತೋರಾ. ಕೊಟ್ಟಿದ್ರಾ ಅವ್ರು?"

"ನೀನು ಎಷ್ಟು ಕತ್ರಿಸಿ ಕೊಡ್ತಿದ್ಯೋ ಅಷ್ಟನ್ನೇ. ಎರಡು ಬೆರಳು ಅಗಲ. ಪ್ರತಿ ಸಲ ಬಕೆಟ್ ಬಂದಾಗ ನಾನು ನೋಡ್ತಿದ್ದೆ. ಒಂದ್ಸಲ ಆದ್ರೂ, ಒಂದು ಚೂರಾದ್ರೂ ಜಾಸ್ತಿ ಇರತ್ತೇನೋ ಅಂತ. ಎರಡು ಬೆರಳು. ನಲವತ್ತಾರು ವರ್ಷ. ಆ ಬಕೆಟ್ ಕೂಡ ಅವ್ನು ಬಿಟ್ಟಿದ್ದಲ್ಲ ಕಣೇ, ಮರ್ತಿದ್ದು."

ಗೆದ್ದವಳು ಸುನ್ನೆವಾ. ಪೂರ್ತಿ, ಕೊನೆಯ ಚೂರಿನವರೆಗೂ ಗೆದ್ದಿದ್ದಳು. ಮಾರ್ನಾಗೆ ಹೇಳಿ ಕಲ್ಲಿನ ಮೇಲಿನ ಹೆಸರು ಹಾಗೇ ಇರಲಿ ಎನ್ನಬಹುದು. ಮನೆಗೆ ಹೋಗಿ ಕಾಲು ಚಾಚಿ ಹಾಯಾಗಿ ಮಲಗಬಹುದು. ಮಲಗಿದಳು ಕೂಡ, ನಿದ್ದೆ ಹತ್ತಲಿಲ್ಲ. ಬೇಸಿಗೆಯ ಬೆಳಕು ಆರದ ಆ ಹೊತ್ತಿನಲ್ಲಿ ಕಣ್ಣು ಮುಚ್ಚಿದರೆ ತನ್ನ ಚಾಕುವೇ ಕಾಣುತ್ತಿತ್ತು, ಎರಡು ಬೆರಳು ಇಟ್ಟು ಅಳತೆ ನೋಡಿ ಕತ್ತರಿಸುವ ತನ್ನ ಕೈಯೇ ಕಾಣುತ್ತಿತ್ತು.

ಬೆಳಗ್ಗೆ ಎದ್ದು ಉಪ್ಪಿನ ಪೀಪಾಯಿಯ ಮುಚ್ಚಳ ತೆಗೆದಳು. ಕಳೆದ ಬೇಸಿಗೆಯ ಪಾಲಿನಲ್ಲಿ ಹಲಗೆಯಂಥ ಒಂದು ದೊಡ್ಡ ಕೊಬ್ಬಿನ ತುಂಡು ಉಳಿದಿತ್ತು. ಅದರ ಮೇಲೆ ಚಾಕು ಇಟ್ಟಳು, ಜರುಗಿಸಿದಳು, ಇನ್ನೂ ಜರುಗಿಸಿದಳು. ಎರಡು ಅಂಗೈಯಗಲಕ್ಕೆ ಕತ್ತರಿಸಿ ನೀಲಿ ಬಕೆಟ್ಟಿಗೆ ಹಾಕಿ ಏರು ಹತ್ತಿದಳು. ಈ ಸಲ ಬಾಗಿಲು ತಟ್ಟಿದಳು.

ತೋರಾ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇಷ್ಟು ತಿಂದ್ರೆ ಇಪ್ಪತ್ತೈದಾಗ್ತೀನಿ," ಎಂದಳು. 

"ಆಗು. ಎಪ್ಪತ್ನಾಲ್ಕಾಯ್ತು, ಇನ್ನ್ಯಾವ ಕೂಸಿಗೆ ಕುಡಿಸ್ಬೇಕು ನಾವು?"

"ಯಾರ ಕಡೆಯಿಂದ ಇದು?"

ಸುನ್ನೆವಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೇಳುವ ಮೊದಲೇ ಹೊಟ್ಟೆಯಲ್ಲಿ ಬೆಂಕಿ ಬಿತ್ತು, ಹೇಳುವಾಗಲೂ ಉರಿಯಿತು. ಆದರೂ ಹೇಳಿದಳು.

"ಹಾನುಸ್ ಕಡೆಯಿಂದ. ಬಕೆಟ್ ಇಲ್ಲೇ ಇರ್ಲಿ."